ಕೆಳಗಿನ ಮನೆಯ ಜಗಳಗಂಟಿ

ಬಾಡಿಗೆಗೆ ಮನೆ ಕೇಳಲು ಹೋದ ದಿನ ನಮಗೆ ಒಂದೇ ಬಾಗಿಲಲ್ಲಿ ಎರಡು ಉತ್ತರ ಸಿಕ್ಕಿದವು. ನಾನು ಭದ್ರಾವತಿಯ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು ಎಂದು ಪರಿಚಯ ಹೇಳಿಕೊಂಡಿದ್ದೇ ತಡ, "ಬನ್ನಿ ಬನ್ನಿ, ಮೇಲಿನ ಮನೆ ಖಾಲಿ ಇದೆ, ಕೊಡೋಣ," ಎಂದರು ಯಜಮಾನರು. ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ಅವರ ಹೆಂಡತಿ ತಲೆ ಎತ್ತದೆ, "ಕೊಡಲ್ಲ," ಎಂದರು. ನಾನೂ ನಮ್ಮನೆಯವರೂ ಚಪ್ಪಲಿ ಬಿಡುವುದೋ ಹಾಕಿಕೊಳ್ಳುವುದೋ ತಿಳಿಯದೆ ನಿಂತೆವು. ಯಜಮಾನರಿಗೆ ಸಿಟ್ಟು ಬಂತು. "ಸರಿ ಬಿಡು, ಕೊಡೋದು ಬೇಡ. ಬೀಗ ಹಾಕ್ಕೊಂಡು ಇಲಿ ಸಾಕೋಣ," ಎಂದರು. ಆಗ ಆಕೆ ಮೊರ ಕೆಳಗಿಟ್ಟು ನನ್ನನ್ನು ಮೊದಲ ಸಲ ಕಣ್ತುಂಬ ನೋಡಿದರು. "ಯಾಕ್ರೀ ಬೇಡ? ಓದಿದೋರು, ಹೊಸದಾಗಿ ಮದುವೆಯಾದೋರು, ಇಂಥೋರಿಗೆ ಕೊಡದೆ ಇನ್ಯಾರಿಗೆ ಕೊಡ್ತೀರಿ?" ಎಂದು ಗಂಡನನ್ನೇ ದಬಾಯಿಸಿದರು. ಹತ್ತು ನಿಮಿಷದಲ್ಲಿ ಮನೆಯ ಬೀಗದ ಕೈ ನಮ್ಮ ಕೈಯಲ್ಲಿತ್ತು. ಯಾರು ಕೊಟ್ಟರು, ಯಾರು ಬೇಡವೆಂದರು ಎಂಬುದು ಮಾತ್ರ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಇದು ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಶಿವಮೊಗ್ಗೆಯ ವಿನೋಬನಗರದ ಖಾಲಿ ಸೈಟುಗಳಲ್ಲಿ ಇನ್ನೂ ಎಮ್ಮೆಗಳು ಮೇಯುತ್ತಿದ್ದವು. ಆ ಮೇಲಿನ ಮನೆಯಲ್ಲಿ ನಾವು ಹನ್ನೆರಡು ವರ್ಷ ಇದ್ದೆವು. ಯಜಮಾನರ ಹೆಂಡತಿಯನ್ನು ನಾವು ಅಮ್ಮ ಎಂದೇ ಕರೆದೆವು, ಇಲ್ಲೂ ಹಾಗೇ ಕರೆಯುತ್ತೇನೆ. ಯಜಮಾನರು ಹೋಗಿ ಬಹಳ ವರ್ಷವಾಯಿತು. ಅಮ್ಮ ಹೋಗಿ ಒಂದು ವರ್ಷವಾಗುತ್ತಾ ಬಂತು. ಮೊನ್ನೆ ಒಂದು ಮದುವೆ ಮನೆಯಲ್ಲಿ ಆ ಬೀದಿಯ ಹಳೆಯ ಪರಿಚಯದ ಹೆಂಗಸೊಬ್ಬರು ಪಂಕ್ತಿಯಲ್ಲಿ ಪಕ್ಕ ಕೂತು, "ಪಾಪ ರೀ, ಆ ಜಗಳಗಂಟಿ ಕೈಲಿ ಆ ಮನುಷ್ಯ ಎಷ್ಟು ಅನುಭವಿಸಿದರೋ," ಎಂದರು. ನನಗೆ ಆಮೇಲೆ ಊಟ ಸೇರಲಿಲ್ಲ. ಜಗಳಗಂಟಿ ಎನ್ನುವುದೇನೋ ನಿಜ, ನಾನೇ ಸಾಕ್ಷಿ. ಆದರೆ ಆ 'ಪಾಪ' ಎನ್ನುವ ಮಾತು ನನಗೆ ತಡೆಯಲಾಗಲಿಲ್ಲ. ಅಲ್ಲಿ ಹೇಳದೆ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಬ್ಬರೂ ಒಕ್ಕಲುತನದ ಮನೆಯವರು. ಆದರೆ ಒಕ್ಕಲುತನ ಒಂದೇ ಅಲ್ಲ ಎಂದು ನನಗೆ ಗೊತ್ತಾದದ್ದು ಅವರಿಂದ. ಯಜಮಾನರದು ಭದ್ರಾವತಿಯ ಆಚೆ, ಚಾನಲ್ ನೀರಿನ ಊರು. ಗದ್ದೆ, ಕಬ್ಬು, ಕಾಲಿಟ್ಟರೆ ಕೆಸರು. ಅಮ್ಮನದು ಶಿಕಾರಿಪುರದ ಕಡೆಯ ಒಣಭೂಮಿ. ಜೋಳ, ತೊಗರಿ, ಅವರೆ, ಮೆಣಸಿನಕಾಯಿ. "ನಮ್ಮ ಕಡೆ ಭೂಮಿಗೆ ಕೆಲಸ ಮಾಡ್ತಾರೆ, ಇವರ ಕಡೆ ನೀರು ಬಿಟ್ಟು ಬದುವಿನ ಮೇಲೆ ಬೀಡಿ ಸೇದ್ತಾರೆ," ಎಂದು ಅಮ್ಮ. "ಇವರ ಕಡೆ ಬೆಳೆಗಿಂತ ಕಲ್ಲು ಜಾಸ್ತಿ, ಅದನ್ನ ಆರಿಸೋದೇ ಒಂದು ಕೆಲಸ," ಎಂದು ಅವರು. ಯಜಮಾನರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಊರು ಬಿಟ್ಟಿದ್ದರು. ಕಾರ್ಖಾನೆಯ ಪಕ್ಕದ ನ್ಯೂಟೌನಿನಲ್ಲೇ ಮನೆ ಮಾಡಬೇಕು ಎಂಬುದು ಅವರ ಆಸೆ. ಅಲ್ಲಿದ್ದರೆ ಅತ್ತೆಯ ಮನೆ ಹತ್ತಿರ, ತವರು ದೂರ ಎಂದು ಅಮ್ಮ ಶಿವಮೊಗ್ಗೆಗೆ ಹಟ ಹಿಡಿದು ಗೆದ್ದರು. ಅದರ ಸಿಟ್ಟಿಗೆ ಯಜಮಾನರು ಪ್ರತಿ ದಿನ ಬೆಳಿಗ್ಗೆ ಷೂ ಹಾಕಿಕೊಳ್ಳುತ್ತಾ, "ನಿನ್ನಿಂದಾಗಿ ರೈಲು ಹತ್ತೋ ಹಣೆಬರಹ ನಂದು," ಎನ್ನುತ್ತಿದ್ದರು. ಅಮ್ಮ ಬಾಯಿ ತುಂಬ ಉತ್ತರ ಕೊಡುತ್ತಲೇ ಗೇಟಿನವರೆಗೆ ಹೋಗಿ ಊಟದ ಡಬ್ಬಿ ಕೈಗಿಡುತ್ತಿದ್ದರು. ಡಬ್ಬಿ ಮರೆತ ದಿನ ಒಂದೂ ಇಲ್ಲ, ಮಾತು ಮರೆತ ದಿನವೂ ಇಲ್ಲ.

ನಾನೂ ಅದೇ ರೈಲಿನಲ್ಲಿ ಭದ್ರಾವತಿಗೆ ಹೋಗುತ್ತಿದ್ದೆನಾದ್ದರಿಂದ ನನ್ನ ಪಾಡು ವಿಚಿತ್ರವಾಯಿತು. ಬೆಳಿಗ್ಗೆ ರೈಲಿನಲ್ಲಿ ಯಜಮಾನರ ವಾದ, ಸಂಜೆ ಮೆಟ್ಟಿಲ ಮೇಲೆ ಅಮ್ಮನ ವಾದ. "ಟೀಚರಮ್ಮ, ನೀವೇ ಹೇಳಿ," ಎಂದು ಅವರು ಶುರು ಮಾಡಿದರೆ, "ಮಾರಾಯ್ತಿ, ನೀನೇ ಹೇಳು," ಎಂದು ಇವರು. ಒಂದು ವರ್ಷ ಅವರೆಕಾಳಿನ ಬೀಜ ಇಡುವ ವಿಚಾರಕ್ಕೆ ಹದಿನೈದು ದಿನ ವಾದ ನಡೆಯಿತು. ಬೀಜಕ್ಕೆ ಒಲೆಯ ಬೂದಿ ಕಲಸಿಡಬೇಕು ಎಂದು ಅವರು, ಕೆಮ್ಮಣ್ಣು ಹಚ್ಚಿ ಒಣಗಿಸಬೇಕು ಎಂದು ಇವರು. ಕೊನೆಗೆ ಎರಡು ಡಬ್ಬದಲ್ಲಿ ಎರಡು ಥರ ಇಟ್ಟು, ಯಾವುದಕ್ಕೆ ಹುಳು ಬಿತ್ತು ಎಂದು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಎರಡಕ್ಕೂ ಬೀಳಲಿಲ್ಲ. ಹಾಗೆಂದು ಹೇಳಿದ್ದಕ್ಕೆ ಇಬ್ಬರೂ ಸೇರಿ ನನ್ನ ಮೇಲೆಯೇ ಮುನಿಸಿಕೊಂಡರು. ಲೆಕ್ಕಕ್ಕೆ ಒಂದೇ ಉತ್ತರ ಇರಬೇಕು ಎಂದು ಮಕ್ಕಳಿಗೆ ಕಲಿಸುವ ನನ್ನನ್ನು ಆ ಮನೆ ದಿನಾ ಫೇಲ್ ಮಾಡುತ್ತಿತ್ತು.

ಹಿತ್ತಿಲೆಂದರೆ ಬಟ್ಟೆ ಒಣಹಾಕುವಷ್ಟು ಜಾಗ. ಅದನ್ನೂ ಮಧ್ಯೆ ಹಗ್ಗ ಕಟ್ಟಿ ಪಾಲು ಮಾಡಿಕೊಂಡಿದ್ದರು. ಯಜಮಾನರ ಪಾಲಿನಲ್ಲಿ ಬದು ಕಟ್ಟಿ, ನೀರು ನಿಲ್ಲಿಸಿ, ಕೆಸುವೂ ಎರಡು ಬಾಳೆಯೂ. ಅಮ್ಮನ ಪಾಲಿನಲ್ಲಿ ತೊಗರಿ, ಮಧ್ಯೆ ಮಧ್ಯೆ ಸಾಲು ಬಿಟ್ಟು ಮೆಣಸು. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿದ್ದ ಕಾಲದಲ್ಲಿ ಯಜಮಾನರು ತಮ್ಮ ಕೆಸುವಿಗೆ ನೀರು ಬಿಟ್ಟರೆ ಅದು ಹಗ್ಗದ ಕೆಳಗೆ ಜಿನುಗಿ ಅಮ್ಮನ ಮೆಣಸಿನ ಗಿಡದ ಬುಡ ಕೊಳೆಸುತ್ತಿತ್ತು. ಆಮೇಲೆ ನಡೆಯುತ್ತಿದ್ದುದನ್ನು ಎದುರು ಸಾಲಿನ ಮನೆಯವರೂ ಕೇಳಬಹುದಿತ್ತು. ನನಗಂತೂ ಮೇಲಿನಿಂದ ಅಮ್ಮನ ಮೊರದ ಸದ್ದು ಕೇಳಿದರೆ ಸಾಕು, ಜಗಳ ಯಾವ ಮಟ್ಟಕ್ಕಿದೆ ಎಂದು ತಿಳಿಯುತ್ತಿತ್ತು. ಸಿಟ್ಟು ಏರಿದಷ್ಟೂ ಆಕೆ ಜೋರಾಗಿ ಕೇರುತ್ತಿದ್ದರು. ಆದರೆ ಹೊಟ್ಟೆ ಹಸಿದಾಗ ಜಗಳವಿಲ್ಲ ಎಂಬುದು ಇಬ್ಬರೂ ಪಾಲಿಸಿದ ನಿಯಮ. ಅಮ್ಮ ಮಾತಿನ ಮಧ್ಯೆ ಎದ್ದು ತಟ್ಟೆ ಹಾಕಿ, ಯಜಮಾನರಿಗೆ ಅನ್ನ, ತಮಗೆ ರೊಟ್ಟಿ ಬಡಿಸಿ, ಇಬ್ಬರೂ ಉಂಡು, ಕೈ ತೊಳೆದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು.

ಇದನ್ನೆಲ್ಲ ತಮಾಷೆ ಎಂದುಕೊಂಡಿದ್ದ ನನ್ನನ್ನು ಬೆಚ್ಚಿಬೀಳಿಸಿದ್ದು ಒಂದು ದಿನ ರೈಲಿನಲ್ಲಿ ಯಜಮಾನರು ಹೇಳಿದ ಸಂಗತಿ. ಮದುವೆಯಾದ ಎರಡನೆಯ ವರ್ಷ, ಊರಿನ ಮನೆಯಲ್ಲಿ, ಎಲ್ಲರೆದುರು ಅವರು ಅಮ್ಮನ ಮೇಲೆ ಕೈ ಮಾಡಿದ್ದರು. ಅಮ್ಮ ಅಳಲಿಲ್ಲವಂತೆ. ಕೊಟ್ಟಿಗೆಗೆ ಹೋಗಿ, ತವರಿನಿಂದ ಬಳುವಳಿಯಾಗಿ ಬಂದಿದ್ದ ಹಸುವಿನ ಹಗ್ಗ ಬಿಚ್ಚಿ ಹಿಡಿದು ಹೊರಟೇಬಿಟ್ಟರಂತೆ. ಹಸುವನ್ನು ಬಸ್ಸಿಗೆ ಹತ್ತಿಸುವಂತಿಲ್ಲ, ಬಿಟ್ಟು ಹೋಗುವುದಕ್ಕೆ ಅದು ಗಂಡನ ಮನೆಯದಲ್ಲ. ಹಾಗಾಗಿ ನಡಿಗೆ. ಭದ್ರಾವತಿ ದಾಟಿ, ತುಂಗೆಯ ಸೇತುವೆಯ ಹತ್ತಿರ ಹಸುವಿಗೆ ನೀರು ಕುಡಿಸಿ, ಶಿವಮೊಗ್ಗ ದಾಟಿ, ಮತ್ತೆ ಮುಂದಕ್ಕೆ. ಎರಡು ದಿನದ ದಾರಿ.

"ನೀವು?" ಎಂದೆ.

"ನಾನು ಹಿಂದೆ ಸೈಕಲ್ ತಳ್ಳಿಕೊಂಡು ಹೋದೆ. ಬಾ ಅಂದೆ, ಬೈದೆ, ಕಾಲಿಗೆ ಬೀಳ್ತೀನಿ ಅಂದೆ. ತಿರುಗಿ ನೋಡಲಿಲ್ಲ ಪುಣ್ಯಾತ್ಗಿತ್ತಿ. ಸಂಜೆ ಒಂದೂರಲ್ಲಿ ಯಾರದೋ ಜಗುಲೀಲಿ ಹಸು ಕಟ್ಟಿ ಉಳ್ಕೊಂಡ್ಲು. ನಾನು ದೂರ ಬೇವಿನಮರದ ಕೆಳಗೆ ಕೂತೆ. ಆ ಮನೆಯೋರು ಒಂದು ತಟ್ಟೆ ರೊಟ್ಟಿ ತಂದು ಕೊಟ್ರು. ಯಾರು ಕಳಿಸಿದ್ದು ಅಂದೆ. 'ಹಿಂದೆ ಒಬ್ಬ ಬರ್ತಿದಾನೆ, ಅವನಿಗೂ ಕೊಡಿ ಅಂದ್ಲು ಆಯಮ್ಮ' ಅಂದ್ರು."

ಉಳಿದದ್ದನ್ನು ಯಜಮಾನರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು. ಮಾವನ ಕಣದಲ್ಲಿ, ಆಳುಕಾಳು ಎಲ್ಲರೂ ನಿಂತಿರುವಾಗ, ಇನ್ನು ಜನ್ಮದಲ್ಲಿ ಕೈ ಎತ್ತುವುದಿಲ್ಲ ಎಂದು ಗಂಡನ ಬಾಯಿಂದ ಗಟ್ಟಿಯಾಗಿ ಹೇಳಿಸಿಕೊಂಡ ಮೇಲೂ ಅಮ್ಮ ಎಂಟು ತಿಂಗಳು ತವರಿನಲ್ಲೇ ಉಳಿದರಂತೆ. ಬರುವಾಗ ಮತ್ತೆ ನಡೆದೇ ಬಂದರು, ಹಸುವಿನ ಜೊತೆ ಕರುವೂ ಇತ್ತು. ಆಮೇಲೆ ಯಜಮಾನರು ಕೈ ಎತ್ತಲಿಲ್ಲ. ಹೊಡೆತವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಅದನ್ನು ಅವರಿಗೆ ಹೇಳಿಯೂ ಇದ್ದೆ. "ಅವಳೂ ಕ್ಷಮಿಸಿಲ್ಲ ಟೀಚರಮ್ಮ," ಎಂದರು. ಅಷ್ಟಾಗಿಯೂ ಬೈಗುಳದಷ್ಟೇ ಸಲೀಸಾಗಿ ಒಂದು ತಟ್ಟೆ ರೊಟ್ಟಿ ಕಳಿಸಬಲ್ಲ ಆ ಇಪ್ಪತ್ತರ ಹುಡುಗಿಯನ್ನು ನೆನೆದು ಆ ದಿನ ಕ್ಲಾಸಿನಲ್ಲಿ ನನಗೆ ಪಾಠ ಮಾಡಲಾಗಲಿಲ್ಲ.

ನಾವಿಬ್ಬರು, ಎಂದರೆ ನಾನೂ ನಮ್ಮನೆಯವರೂ, ಜಗಳ ಆಡದ ಜಾತಿ. ಸಿಟ್ಟು ಬಂದರೆ ಮಾತು ಬಿಡುತ್ತಿದ್ದೆವು. ಒಮ್ಮೆ ಹಾಗೆ ಮೂರು ದಿನ ಕಳೆದಾಗ ಅಮ್ಮ ಮೆಟ್ಟಿಲು ಹತ್ತಿ ಬಂದರು.

"ನಿಮ್ಮನೇಲಿ ಮೂರು ದಿನದಿಂದ ಸದ್ದೇ ಇಲ್ಲ. ಏನಾಗಿದೆ?"

"ಏನೂ ಇಲ್ಲಮ್ಮ."

"ಏನೂ ಇಲ್ಲದಿದ್ರೆ ಸದ್ದು ಇರ್ತಿತ್ತು. ಬೈದುಕೊಳ್ರೇ. ಬಾಯಿ ಇರೋದು ಯಾತಕ್ಕೆ? ಸುಮ್ಮನಿರೋ ಮನೇಲಿ ನನಗೆ ಭಯ ಆಗುತ್ತೆ."

ನಾನು ನಕ್ಕೆ. ಆಕೆ ನಗಲಿಲ್ಲ. ಭಯ ಎಂದು ಆಕೆ ಹೇಳಿದ್ದು ನಿಜವಾಗಿಯೂ ಭಯವೇ ಎಂದು ತಿಳಿಯಲು ನನಗೆ ಮತ್ತೆ ಕೆಲವು ವರ್ಷ ಬೇಕಾಯಿತು.

ಅಷ್ಟು ಹೊತ್ತಿಗೆ ನಮ್ಮ ಮಗನಿಗೆ ಎರಡು ವರ್ಷ. ಒಂದು ಭಾನುವಾರ ಬೆಳಗಿನಿಂದ ಜ್ವರ. ಪಕ್ಕದ ಕ್ಲಿನಿಕ್ಕಿಗೆ ಹೋಗೋಣ ಎಂದು ನಾನು, ಊರೊಳಗಿನ ದೊಡ್ಡ ಡಾಕ್ಟರಿಗೇ ತೋರಿಸೋಣ, ಸಂಜೆ ಬರುತ್ತಾರೆ ಎಂದು ನಮ್ಮನೆಯವರು. ನಮ್ಮಿಬ್ಬರ ದನಿ ಅಪರೂಪಕ್ಕೆ ಸ್ವಲ್ಪ ಏರಿತ್ತು. ಬಾಗಿಲು ತಳ್ಳಿಕೊಂಡು ಅಮ್ಮ ಒಳಗೆ ಬಂದರು. ಜಗಳವೆಂದರೆ ಖುಷಿಯಿಂದ ಒಂದು ಪಕ್ಷ ಹಿಡಿಯುವ ಆಕೆಯ ಮುಖ ಬಿಳಿಚಿಕೊಂಡಿತ್ತು. "ಮಾತು ಸಾಕು. ಮಗೂನ ಎತ್ಕೊ," ಎಂದರು. ನಾನು ಎತ್ತಿಕೊಳ್ಳುವ ಮೊದಲು ತಾವೇ ಎತ್ತಿಕೊಂಡು, ಬರಿಗಾಲಲ್ಲಿ ಇಳಿದು, ಆಟೋ ನಿಲ್ಲಿಸಿದರು.

ಅದು ಸಾಮಾನ್ಯ ಜ್ವರ, ಔಷಧ ಬಿದ್ದ ಮೇಲೆ ಇಳಿಯಿತು. ಕ್ಲಿನಿಕ್ಕಿನ ಬೆಂಚಿನ ಮೇಲೆ ಅಮ್ಮ ಮಾತ್ರ ಮಗುವನ್ನು ತೊಡೆಯಿಂದ ಇಳಿಸಲಿಲ್ಲ. ಅವರಿಗೆ ಒಬ್ಬಳೇ ಮಗಳು, ತರೀಕೆರೆಗೆ ಕೊಟ್ಟಿದ್ದಾರೆ ಎಂದಷ್ಟೇ ನನಗೆ ಗೊತ್ತಿದ್ದದ್ದು. ಆ ಬೆಂಚಿನ ಮೇಲೆ ಆಕೆ ಹೇಳಿದರು. ಮಗಳಿಗಿಂತ ಮೊದಲು ಒಬ್ಬ ಮಗ ಇದ್ದ. ನಾಲ್ಕು ವರ್ಷ. ಇನ್ನೂ ಊರಿನಲ್ಲೇ ಇದ್ದಾಗ ಅವನಿಗೆ ಜ್ವರ ಬಂತು.

"ಇವರು ಭದ್ರಾವತಿ ಆಸ್ಪತ್ರೆಗೆ ಅಂತ ಬೆಳಿಗ್ಗೆನೇ ಗಾಡಿ ಕಟ್ಟಿದ್ರು. ಊರಿನ ಪಂಡಿತರ ಕಷಾಯಕ್ಕೆ ಇಳಿಯುತ್ತೆ ಅಂತ ನಾನು ಎತ್ತು ಬಿಚ್ಚಿದೆ. ಮಧ್ಯಾಹ್ನ ಮಗು ಸೋತುಹೋಯ್ತು. ಹೋಗೋಣ ಬನ್ನಿ ಅಂತ ನಾನೇ ಕರೆದೆ. ಬೆಳಿಗ್ಗೆ ನನ್ನ ಮಾತು ಕೇಳಿದ್ಯಾ ಅಂತ ಸಿಟ್ಟಿಗೆ ಇವರು ಏಳಲಿಲ್ಲ. ಅವರು ಎದ್ದು ಮತ್ತೆ ಗಾಡಿ ಕಟ್ಟೋ ಹೊತ್ತಿಗೆ…"

ನಾನು ಆಕೆಯ ಕೈ ಹಿಡಿದುಕೊಂಡೆ.

"ಎತ್ತು ಬಿಚ್ಚಿದೋಳು ನೀನು ಅಂತ ಇವರು ಒಂದು ದಿನ ಅಂದಿದ್ರೆ ನಾನು ಬದುಕ್ತಿರಲಿಲ್ಲ. ಅನ್ನಲಿಲ್ಲ. ಸಿಟ್ಟು ಮಾಡಿ ಕೂತೋರು ನೀವು ಅಂತ ನಾನೂ ಅನ್ನಲಿಲ್ಲ. ಏನೇನೋ ಬೈದುಕೊಂಡಿದೀವಿ, ಅವರಪ್ಪ ನಮ್ಮಪ್ಪ ಯಾರನ್ನೂ ಬಿಟ್ಟಿಲ್ಲ. ಅದೊಂದು ಮಾತ್ರ ಬಾಯಿಗೆ ಬಂದಿಲ್ಲ. ಸುಮ್ಮನೆ ಎದುರುಬದುರು ಕೂತ್ರೆ ಎಲ್ಲಿ ಬಂದುಬಿಡುತ್ತೋ ಅಂತ ಹೆದರಿಕೆ ಮಾರಾಯ್ತಿ. ಅದಕ್ಕೇ ಸುಮ್ಮನೆ ಕೂರಲ್ಲ."

ಒಂದು ದಿನವೂ ಬಾಯಿಗೆ ಬೀಗ ಹಾಕದ ಇಬ್ಬರು, ಸಾವಿರಾರು ಜಗಳಗಳಲ್ಲಿ, ಎದುರಿನವರನ್ನು ಒಂದೇ ಏಟಿಗೆ ಕೆಡವಬಲ್ಲ ಮಾತೊಂದನ್ನು ಬಾಯಿಗೆ ತಂದುಕೊಳ್ಳದೆ ಇದ್ದರು. ನನಗೆ ಅವತ್ತು ಆ ಹೆಂಗಸಿನ ಕಾಲು ಮುಟ್ಟಬೇಕು ಅನ್ನಿಸಿತು. ಮುಟ್ಟಿದ್ದರೆ ಬೈಯುತ್ತಿದ್ದರು, ಹಾಗಾಗಿ ಮುಟ್ಟಲಿಲ್ಲ.

ಯಜಮಾನರು ರಿಟೈರ್ ಆಗಿ ಎರಡು ವರ್ಷಕ್ಕೆ ಅವರಿಗೆ ಲಕ್ವ ಹೊಡೆಯಿತು. ಹಿತ್ತಿಲಲ್ಲಿ ಕೆಸುವಿನ ಬದು ಸರಿ ಮಾಡುತ್ತಿದ್ದವರು ಹಾಗೇ ಕುಸಿದರು. ಬಲಗೈ, ಬಲಗಾಲು ಸೋತವು. ಮೂರ್ನಾಲ್ಕು ತಿಂಗಳಲ್ಲಿ ಕೋಲು ಹಿಡಿದು ನಡೆಯುವಷ್ಟಾದರು. ಮಾತೂ ನಿಧಾನವಾಗಿ ಮರಳಿತು. ಆದರೆ ಮರಳಿ ಬಂದ ಮನುಷ್ಯ ಬೇರೆ. ಯಾರು ಏನೆಂದರೂ "ಹೂಂ" ಎನ್ನುವ, ಕಣ್ಣಲ್ಲಿ ನೀರು ತಂದುಕೊಂಡು ನಗುವ, ಮೆತ್ತಗಿನ ಮುದುಕ. ನೋಡಲು ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ತರೀಕೆರೆಯಿಂದ ಬಂದ ಮಗಳು ಸಮಾಧಾನದ ಉಸಿರು ಬಿಟ್ಟಳು. "ಅಮ್ಮ, ಈಗಲಾದ್ರೂ ನಿಮ್ಮಿಬ್ಬರ ಮಧ್ಯೆ ಶಾಂತಿ ಬಂತಲ್ಲ. ಇನ್ನಾದ್ರೂ ಸುಮ್ಮನಿರು," ಎಂದಳು. ಅಮ್ಮ ಮಗಳ ಮುಖವನ್ನು ಗುರುತೇ ಇಲ್ಲದವರ ಹಾಗೆ ನೋಡಿದರು.

ಆಕೆ ಸುಮ್ಮನಿರಲಿಲ್ಲ. ಹಗ್ಗ ಕಿತ್ತು ಯಜಮಾನರ ಪಾಲಿನ ಬದು ಒಡೆದು ಅಲ್ಲಿ ತೊಗರಿ ಬಿತ್ತಿದರು. ಅವರು ಕುರ್ಚಿಯಲ್ಲಿ ಕೂತು ನೋಡಿ, "ಹೂಂ, ಒಳ್ಳೇದಾಯ್ತು," ಎಂದರು. ಅಮ್ಮ ಮೂರು ಹೊತ್ತೂ ರೊಟ್ಟಿಯನ್ನೇ ಬಡಿಸಿದರು. ಯಜಮಾನರು ಅನ್ನ ಕೇಳದೆ ಉಂಡು, "ಚೆನ್ನಾಗಿದೆ," ಎಂದರು. ಅಮ್ಮ ಗಂಡನ ಊರಿನ ನೀರನ್ನು ಹೀಯಾಳಿಸಿದರು. "ಹೂಂ. ನೀನು ಹೇಳೋದೇ ಸರಿ. ತಪ್ಪು ನಂದೇ," ಎಂದರು. ಹೀಗೆ 'ತಪ್ಪು ನಂದೇ' ಎಂಬುದು ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರತೊಡಗಿತು. ಬೀದಿಯವರು ಕೆಳಗಿನ ಮನೆಯಲ್ಲಿ ಈಗ ಒಂಟಿ ದನಿ ಕೇಳಿ, ಮಲಗಿದವನ ಮೇಲೂ ಹರಿಹಾಯುತ್ತಾಳೆ ನೋಡಿ ಎಂದು ಆಡಿಕೊಂಡರು. ಸುಳ್ಳೇಕೆ ಹೇಳಲಿ, ನನಗೂ ಒಂದೆರಡು ಸಲ ಹಾಗೆ ಅನ್ನಿಸಿತ್ತು.

ಒಂದು ಮಧ್ಯಾಹ್ನ ಅಮ್ಮ ಮೇಲೆ ಬಂದು, ಗೋಡೆಗೆ ಒರಗಿ ಕೂತರು.

"ಅಂದುಬಿಟ್ರು ಮಾರಾಯ್ತಿ."

"ಏನು?"

"ಇಷ್ಟು ವರ್ಷ ಅನ್ನದೇ ಇದ್ದಿದ್ದು. 'ಮಗು ಹೋಗಿದ್ದು ನನ್ನಿಂದಲೇ, ತಪ್ಪೆಲ್ಲ ನಂದೇ' ಅಂದ್ರು. ಅತ್ತರು."

"ನೀವೇನಂದ್ರಿ?"

"ಎತ್ತು ಬಿಚ್ಚಿದ್ದು ನಾನಲ್ವೇನ್ರೀ ಅಂದೆ. ಹೂಂ ಅಂದ್ರು. ಮತ್ತೆ, ತಪ್ಪು ನಂದೇ ಅಂದ್ರು. ನನ್ನ ಮಾತು ಅವರ ಕಿವಿಗೆ ಹೋಗ್ತಾನೇ ಇಲ್ಲ. ಹೀಗೇ ಎಲ್ಲಾನೂ ಒಬ್ಬರೇ ಹೊತ್ಕೊಂಡು ಹೋಗಿಬಿಟ್ರೆ ನಾನೇನು ಮಾಡ್ಲಿ? ಅದು ಇಬ್ಬರದ್ದು. ನನ್ನ ಪಾಲು ನನಗೆ ಬೇಕು. ನಿಂದೂ ತಪ್ಪು ಅಂತ ಅವರ ಬಾಯಲ್ಲಿ ಬರಬೇಕು."

ಹೇಳುತ್ತಾ ಆಕೆ ಅತ್ತುಬಿಟ್ಟರು. ಹನ್ನೆರಡು ವರ್ಷದಲ್ಲಿ ಆಕೆ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ ಎಂದುಕೊಂಡಿದ್ದೆ. ಇನ್ನೊಂದು ಬಾಕಿ ಇತ್ತು.

ಜನವರಿಯಲ್ಲಿ ಚಾನಲ್‌ಗೆ ನೀರು ಬಿಟ್ಟಾಗ ಭದ್ರಾವತಿಯ ಕಡೆ ಬೇಸಿಗೆ ಬೆಳೆಯ ನಾಟಿ ಶುರುವಾಗುತ್ತದೆ. ಒಂದು ಶನಿವಾರ ಅಮ್ಮ ನನಗೆ ಆಜ್ಞೆ ಮಾಡಿದರು. "ನಾಳೆ ಇವರನ್ನ ಊರಿಗೆ ಕರ್ಕೊಂಡು ಹೋಗ್ತೀನಿ. ಒಂದು ಕಡೆ ನೀನು ಹಿಡ್ಕೊಬೇಕು." ಯಜಮಾನರನ್ನು ಕೇಳಿದರೆ, "ಹೂಂ, ಹೋಗೋಣ," ಎಂದರು. ಬಸ್ಸಿನಲ್ಲಿ ಭದ್ರಾವತಿ, ಅಲ್ಲಿಂದ ಆಟೋದಲ್ಲಿ ಅವರ ತಮ್ಮನ ಗದ್ದೆ. ಆ ತಮ್ಮ ಬದುವಿನ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಅಣ್ಣನನ್ನು ಕೂರಿಸಿದರು. ಗದ್ದೆಯ ಆಚೆ ಮೂಲೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ಸಸಿ ನೆಡುತ್ತಿದ್ದರು. ನಾಟಿ ಮಾಡುವವರು ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತಾರೆ. ನೆಟ್ಟದ್ದು ಕಣ್ಣ ಮುಂದೆ ಉಳಿಯಬೇಕು, ಕಾಲಡಿಗೆ ಸಿಗಬಾರದು. ಇಷ್ಟನ್ನು ಗದ್ದೆ ಕಾಣದ ನನ್ನಂಥವಳೂ ನಿಂತು ನೋಡಿದರೆ ತಿಳಿಯುತ್ತದೆ.

ಅಮ್ಮ ಸೆರಗು ಸಿಕ್ಕಿಸಿ, ಸೀರೆ ಮೇಲೆತ್ತಿ ಕಟ್ಟಿ, ಒಂದು ಕಟ್ಟು ಸಸಿ ತೆಗೆದುಕೊಂಡು ಯಜಮಾನರ ಕುರ್ಚಿಯ ಎದುರಿಗೇ ಕೆಸರಿಗಿಳಿದರು. ಗಂಡನಿಗೆ ಬೆನ್ನು ಹಾಕಿ, ಒಣಭೂಮಿಯಲ್ಲಿ ಕಳೆ ತೆಗೆಯುವವರ ಹಾಗೆ ಮುಂದಕ್ಕೆ ನಡೆಯುತ್ತಾ ನೆಡತೊಡಗಿದರು. ಒಂದು ಸಸಿ ಇತ್ತ, ಇನ್ನೊಂದು ಅತ್ತ. ನೆಟ್ಟದ್ದನ್ನು ಸ್ವಂತ ಕಾಲಲ್ಲೇ ತುಳಿದರು. ತುಳಿದದ್ದು ತೇಲಿತು. ಹೆಂಗಸರು ಮೊದಲು ಸೆರಗು ಬಾಯಿಗಿಟ್ಟು, ಆಮೇಲೆ ಬಾಯಿ ಬಿಟ್ಟೇ ನಕ್ಕರು. "ಶಿವಮೊಗ್ಗದ ಅಮ್ಮನಿಗೆ ನಾಟಿ ಮರೆತುಹೋಗಿದೆ!" ಎಂದು ಒಬ್ಬಳು ಕೂಗಿದಳು. ತನ್ನನ್ನು ನೋಡಿ ಇರುವೆ ನಕ್ಕರೂ ಸಹಿಸದ ಹೆಂಗಸು ತಲೆ ಎತ್ತದೆ ಮುಂದಕ್ಕೆ ಹೋಗುತ್ತಲೇ ಇದ್ದರು. ನನಗ್ಯಾಕೋ ನಾಚಿಕೆಯಾಗಿ ಅಲ್ಲಿ ನಿಲ್ಲಲು ಕಷ್ಟವಾಯಿತು.

ಪಕ್ಕದಲ್ಲಿದ್ದ ತಮ್ಮನ ಹೆಂಡತಿ ನನ್ನ ಕಿವಿಯ ಹತ್ತಿರ ಬಂದು, "ಇದೇನಾಟ ಅಕ್ಕಂದು? ಮದುವೆಯಾಗಿ ಬಂದ ವರ್ಷನೇ ಹಟಕ್ಕೆ ಕಲಿತು, ನಮ್ಮೆಲ್ಲರಿಗೂ ಮುಂದೆ ನಿಂತು ನಾಟಿ ಮಾಡ್ತಿದ್ದೋರು. ಅವರ ಸಾಲು ದಾರ ಹಿಡಿದಂಗೆ ಇರ್ತಿತ್ತು," ಎಂದಳು.

ಆಗ ನನಗೆ ಅರ್ಥವಾಯಿತು. ನಾನು ತಿರುಗಿ ಯಜಮಾನರನ್ನು ನೋಡಿದೆ. ಅವರ ಎಡಗೈ ಕೋಲನ್ನು ಬಿಗಿಯಾಗಿ ಹಿಡಿದಿತ್ತು. ಕುತ್ತಿಗೆಯ ನರ ಉಬ್ಬಿತ್ತು. ತುಟಿ ಅಲುಗುತ್ತಿತ್ತು, ಮಾತು ಬರುತ್ತಿರಲಿಲ್ಲ. ಅಮ್ಮ ಇನ್ನೊಂದು ಸಸಿಯನ್ನು ನೆಟ್ಟು, ಅದರ ಮೇಲೆಯೇ ಕಾಲಿಟ್ಟರು.

"ಏಯ್!" ಎಂದರು ಯಜಮಾನರು.

ಅಮ್ಮ ಕೇಳಿಸದವರ ಹಾಗೆ ಮತ್ತೊಂದು ಹೆಜ್ಜೆ ಮುಂದಿಟ್ಟರು.

"ಏಯ್! ಹಿಂದಕ್ಕೆ… ಹಿಂದಕ್ಕೆ ಬಾರೇ! ಸಸಿ ತುಳೀತಾಳೆ… ಕಣ್ಣು ಕಾಣಲ್ವೇನೇ?" ಕೋಲನ್ನು ಊರಿ ಅವರು ಎದ್ದೇಬಿಟ್ಟಿದ್ದರು. ತಮ್ಮನೂ ನಾನೂ ಓಡಿ ಹಿಡಿದುಕೊಂಡೆವು. "ತಪ್ಪು! ತಪ್ಪು ಕಣೇ! ನಿಂದು!"

ಹೆಂಗಸರ ನಗು ನಿಂತಿತು. ಅಮ್ಮ ಗದ್ದೆಯ ನಡುವೆ ಬಗ್ಗಿದ ಹಾಗೇ ಕೈಯಲ್ಲಿದ್ದ ಸಸಿಯನ್ನು ಬೇರ್ಪಡಿಸಿ, ಒಂದೊಂದನ್ನೇ ಬೆರಳಲ್ಲಿ ಒತ್ತಿ ನೆಡುತ್ತಾ, ಹಿಂದಕ್ಕೆ ಹೆಜ್ಜೆಯಿಡತೊಡಗಿದರು. ಇಪ್ಪತ್ತೈದು ವರ್ಷವಾಗಿತ್ತಂತೆ ಆಕೆ ಗದ್ದೆಗಿಳಿದು. ಸಾಲು ದಾರ ಹಿಡಿದಂತೆಯೇ ಬಂತು. ಯಜಮಾನರು ಬೈಯುತ್ತಲೇ ಇದ್ದರು, ಲಕ್ವ ಹೊಡೆದಾಗಿನಿಂದ ಬಾಕಿ ಉಳಿದ ಏಳು ತಿಂಗಳಿನದನ್ನೆಲ್ಲ ಒಟ್ಟಿಗೇ. ಹಿಂದಕ್ಕೆ ಹಿಂದಕ್ಕೆ ಬರುತ್ತಾ ಅಮ್ಮ ಅವರು ನಿಂತ ಬದುವಿಗೇ ಬಂದು ಮುಟ್ಟಿದರು. ಮುಖ ತಿರುಗಿಸದೆ ಕೇಳಿದರು.

"ಏನಂದ್ರಿ? ಇನ್ನೊಂದು ಸಲ ಅನ್ನಿ."

"ನಿಂದೇ ತಪ್ಪು," ಎಂದರು ಯಜಮಾನರು, ಏದುಸಿರು ಬಿಡುತ್ತಾ.

"ಹೌದು," ಎಂದರು ಅಮ್ಮ. ಕೆಸರು ಕೈಯಲ್ಲೇ ಕಣ್ಣೊರೆಸಿಕೊಂಡರು. ಅವರು ಯಾವ ತಪ್ಪಿನ ಮಾತಾಡುತ್ತಿದ್ದಾರೆಂದು ಆ ಗದ್ದೆಯಲ್ಲಿ ಅವರಿಬ್ಬರನ್ನು ಬಿಟ್ಟರೆ ಗೊತ್ತಿದ್ದವಳು ನಾನೊಬ್ಬಳೇ. "ಅರ್ಧ ನಂದು. ಅರ್ಧ."

ಯಜಮಾನರು ಎಲ್ಲಿ 'ಹೂಂ' ಎಂದುಬಿಡುತ್ತಾರೋ ಎಂದು ನನಗೆ ಹೆದರಿಕೆಯಾಯಿತು.

"ಅರ್ಧ ಎಲ್ಲಿಂದ ಬಂತೇ?" ಎಂದರು. "ಮುಕ್ಕಾಲು!"

ಅಮ್ಮ ಥಟ್ಟನೆ ತಿರುಗಿದರು. ಅರ್ಧವೋ ಮುಕ್ಕಾಲೋ ಎಂಬ ಆ ಜಗಳ ಆಟೋದಲ್ಲಿ ಮುಂದುವರಿದು, ಬಸ್ಸಿಡೀ ನಡೆಯಿತು. ಹಿಂದಿನ ಸೀಟಿನಲ್ಲಿ ಕೂತ ನನ್ನ ಕಣ್ಣೀರು ನಿಲ್ಲಲಿಲ್ಲ. ಕಂಡಕ್ಟರ್ ಬಂದು, "ಏನಮ್ಮ ಇವರದ್ದು, ಆಗಲಿಂದ? ಸ್ವಲ್ಪ ಸುಮ್ಮನಿರೋಕೆ ಹೇಳ್ತೀರಾ?" ಎಂದ. ಬೇಡಪ್ಪ, ದಯವಿಟ್ಟು ಹಾಗೆ ಮಾತ್ರ ಹೇಳಬೇಡ ಎಂದು ಅವನಿಗೆ ಕೈ ಮುಗಿದೆ.